ಅಂತರಿಕ್ಷ ನೌಕೆಯ ಎಡಮಗ್ಗುಲು

ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಯ ವಾಯು ಮತ್ತು ಅಂತರಿಕ್ಷ ವಸ್ತುಸಂಗ್ರಹಾಲಯದಲ್ಲಿ ಹನ್ನೊಂದು ಅಡಿ ಉದ್ದದ ಒಂದು ನೌಕೆ ಇದೆ. ಅದು ಎಂದೂ ಹಾರಿದ್ದಲ್ಲ. ಮರ, ಪ್ಲಾಸ್ಟಿಕ್, ತಗಡು ಸೇರಿಸಿ ಮಾಡಿದ ಮಾದರಿ. ‘ಸ್ಟಾರ್ ಟ್ರೆಕ್’ ಧಾರಾವಾಹಿಯ ಎಂಟರ್‌ಪ್ರೈಸ್ ನೌಕೆ. ಬಲಗಡೆಯಿಂದ ನೋಡಿದರೆ ಕಿಟಕಿ, ದೀಪ, ಅಂಕಿ, ಅಕ್ಷರ ಎಲ್ಲವೂ ಸರಿಯಾಗಿವೆ. ಎಡಗಡೆಗೆ ಬಂದರೆ ಕೆಲಸ ಅರ್ಧಕ್ಕೇ ನಿಂತಿದೆ. ಒಳಗಿನ ದೀಪಗಳಿಗೆ ವಿದ್ಯುತ್ ಹೋಗಬೇಕಿತ್ತು, ಅದರ ತಂತಿಗಳು ಎಡಗಡೆಯಿಂದ ಹೊಕ್ಕಿದ್ದವು. ಹಾಗಾಗಿ ಕ್ಯಾಮೆರಾ ಸದಾ ಬಲಗಡೆಯೇ ನಿಲ್ಲುತ್ತಿತ್ತು. ನೌಕೆ ವಿರುದ್ಧ ದಿಕ್ಕಿಗೆ ಹೋಗುವಂತೆ ತೋರಿಸಬೇಕಾದರೆ, ಅಂಕಿ ಅಕ್ಷರಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆದು ಅಂಟಿಸಿ, ಚಿತ್ರೀಕರಿಸಿದ ಮೇಲೆ ಫಿಲ್ಮನ್ನು ಮಗುಚುತ್ತಿದ್ದರು. ಕೋಟ್ಯಂತರ ಜನ ನೋಡಿದ ನೌಕೆಗೆ ಯಾರೂ ನೋಡದ ಒಂದು ಮಗ್ಗುಲು ಉಳಿದದ್ದು ಹೀಗೆ.

ಪ್ಯಾರಾಮೌಂಟ್ ಕಂಪನಿ ಇದನ್ನು ಸಂಗ್ರಹಾಲಯಕ್ಕೆ ಕೊಟ್ಟದ್ದು 1974ರಲ್ಲಿ. ಕೆಲವು ವರ್ಷ ಅದು ಸಂಗ್ರಹಾಲಯದ ಉಡುಗೊರೆ ಅಂಗಡಿಯೊಳಗೆ ನಿಂತಿತ್ತು. ಧಾರಾವಾಹಿಗೆ ಐವತ್ತು ತುಂಬುವ 2016ರ ಹೊತ್ತಿಗೆ ಅದನ್ನು ಮೂಲರೂಪಕ್ಕೆ ತರಬೇಕೆಂದು ಹೊರಟಾಗ ತೊಡಕೊಂದು ಎದುರಾಯಿತು: ಮೂಲರೂಪ ಎಂದರೆ ಯಾವುದು? ನಡುವೆ ಹಲವು ಸಲ ಬಣ್ಣ ಬಳಿದಿದ್ದರು. 1991ರ ದುರಸ್ತಿಯಲ್ಲಿ ಅದರ ಮೈಮೇಲೆ ಎಳೆದ ಗೆರೆಗಳನ್ನಂತೂ ಅಭಿಮಾನಿಗಳು ಕ್ಷಮಿಸಿಯೇ ಇರಲಿಲ್ಲ. ಕೊನೆಗೆ ಸಂಗ್ರಹಾಲಯ ಸಾರ್ವಜನಿಕರನ್ನೇ ಕೇಳಿತು: ಈ ಮಾದರಿಯ ಹಳೆಯ ಫೋಟೊ, ಫಿಲ್ಮು ನಿಮ್ಮ ಬಳಿ ಇದ್ದರೆ ತೋರಿಸಿ. ಯಾರೋ ಯಾವಾಗಲೋ ಸುಮ್ಮನೆ ಕ್ಲಿಕ್ಕಿಸಿದ ಚಿತ್ರಗಳು ಒಮ್ಮೆಲೇ ಪುರಾವೆಗಳಾದವು.

ಈ ಸಂಗತಿ ಓದಿದ ಮೇಲೆ ನಾನು ಒಂದು ಜಾತಿಯ ಪುಸ್ತಕಗಳನ್ನು ನೋಡುವ ರೀತಿಯೇ ಬದಲಾಯಿತು. ಜನಪ್ರಿಯ ಧಾರಾವಾಹಿಗಳ ‘ತೆರೆಯ ಹಿಂದೆ’ ಏನಾಯಿತೆಂದು ಹೇಳುವ ಪುಸ್ತಕಗಳು. ಈಗ ಅವು ದಪ್ಪ ಹೊಳಪು ಕಾಗದದಲ್ಲಿ, ಎರಡು ಕೈಯಲ್ಲಿ ಎತ್ತಬೇಕಾದ ಗಾತ್ರದಲ್ಲಿ ಬರುತ್ತವೆ. ಕಾಫಿ ಟೇಬಲ್ ಪುಸ್ತಕ ಎನ್ನುತ್ತಾರೆ. ನಮ್ಮ ಮನೆಗಳ ಲೆಕ್ಕದಲ್ಲಿ ಟೀಪಾಯಿಯ ಮೇಲೆ ಇಡುವಂಥದ್ದು. ಬಂದವರು ಕಾಫಿ ಬರುವ ತನಕ ತಿರುವಿ ಹಾಕಲಿ ಎಂಬುದು ಅದರ ಉದ್ದೇಶ. ಓದಲಿ ಎಂದು ಅದನ್ನು ಮಾಡಿದವರೂ ನಿರೀಕ್ಷಿಸಿರಲಾರರು. ನನಗೆ ಮಾತ್ರ ಇವನ್ನು ಒಂದಕ್ಷರ ಬಿಡದೆ, ಚಿತ್ರದ ಕೆಳಗಿನ ಸಣ್ಣಕ್ಷರದ ಸಾಲುಗಳನ್ನೂ ಸೇರಿಸಿ ಓದುವ ಚಟ. ಯಕ್ಷಗಾನದ ಆಟಕ್ಕೆ ಹೋದ ಮಕ್ಕಳು ಚೌಕಿಯೊಳಗೆ ಇಣುಕಿ ನೋಡುತ್ತಾರಲ್ಲ, ಅದೇ ಕುತೂಹಲ ಎಂದು ಮೊದಲು ಅಂದುಕೊಂಡಿದ್ದೆ. ಬಣ್ಣದ ವೇಷದವನು ಅರ್ಧ ಮುಖಕ್ಕೆ ಬಣ್ಣ ಬಳಿದುಕೊಂಡು ಚಹಾ ಕುಡಿಯುವುದನ್ನು ನೋಡಿದರೆ ಆಟದ ರುಚಿಯೇನೂ ಕೆಡುವುದಿಲ್ಲ. ಓದುತ್ತಾ ಹೋದಂತೆ ಇದು ಬರೀ ಇಣುಕುವಿಕೆಯಲ್ಲ ಅನ್ನಿಸಿತು. ಈ ಪುಸ್ತಕಗಳ ಒಳಗೊಳಗೇ ಒಂದು ವ್ಯಾಜ್ಯ ನಡೆದಿದೆ. ನೂರಾರು ಜನ ಸೇರಿ ಮಾಡಿದ ವಸ್ತುವಿನ ಮೇಲೆ ಯಾರ ಹೆಸರಿರಬೇಕು ಎಂಬ ವ್ಯಾಜ್ಯ.

ಮೊದಲ ದಾಖಲೆ 1968ರದ್ದು. ‘ದಿ ಮೇಕಿಂಗ್ ಆಫ್ ಸ್ಟಾರ್ ಟ್ರೆಕ್’. ಬ್ಯಾಲಂಟೈನ್ ಪ್ರಕಾಶನ ತಂದದ್ದು. ಟೀಪಾಯಿಯ ಗಾತ್ರವೂ ಇಲ್ಲ, ಗತ್ತೂ ಇಲ್ಲ. ಜೇಬಿಗಿಳಿಸಬಹುದಾದ ಪೇಪರ್‌ಬ್ಯಾಕ್, ನಾನೂರಕ್ಕೂ ಹೆಚ್ಚು ಪುಟ. ಧಾರಾವಾಹಿ ಇನ್ನೂ ಪ್ರಸಾರವಾಗುತ್ತಿದ್ದಾಗಲೇ, ಮೂರನೆಯ ಸರಣಿ ಶುರುವಾಗುವ ಹೊತ್ತಿಗೆ ಅದು ಅಂಗಡಿಗೆ ಬಂತು. ಅಂದಿನ ಮಟ್ಟಿಗೆ ಇದು ವಿಚಿತ್ರವೇ. ದೂರದರ್ಶನದ ಧಾರಾವಾಹಿ ಎಂದರೆ ಇವತ್ತು ನೋಡಿ ನಾಳೆ ಮರೆಯುವ ಸರಕು. ಅದನ್ನು ಹೇಗೆ ಮಾಡುತ್ತಾರೆ ಎಂದು ನಾನೂರು ಪುಟ ಯಾರು ಓದುತ್ತಾರೆ? ಓದಿದರು. ಮತ್ತೆ ಮತ್ತೆ ಮುದ್ರಣವಾಯಿತು. ಧಾರಾವಾಹಿ 1969ರ ಜೂನ್‌ನಲ್ಲಿ 79 ಕಂತಿಗೆ ನಿಂತುಹೋದ ಮೇಲೂ ಪುಸ್ತಕ ನಿಲ್ಲಲಿಲ್ಲ.

ಬರೆದವನು ಸ್ಟೀಫನ್ ವಿಟ್‌ಫೀಲ್ಡ್. ಅದು ಕಾವ್ಯನಾಮ, ನಿಜವಾದ ಹೆಸರು ಸ್ಟೀಫನ್ ಎಡ್ವರ್ಡ್ ಪೋ. ಅವನು ಪತ್ರಕರ್ತನಲ್ಲ, ಇತಿಹಾಸಕಾರನೂ ಅಲ್ಲ, ಜಾಹೀರಾತಿನ ಮನುಷ್ಯ. ಎಂಟರ್‌ಪ್ರೈಸಿನ ಪ್ಲಾಸ್ಟಿಕ್ ಜೋಡಣೆಯ ಆಟಿಕೆ ಮಾರುತ್ತಿದ್ದ ಎಎಂಟಿ ಕಂಪನಿಯ ಪ್ರಚಾರದ ಕೆಲಸಕ್ಕಾಗಿ ಸ್ಟುಡಿಯೋಗೆ ಬಂದವನು. ಈ ಆಟಿಕೆಯ ಸಂಬಂಧ ಸಣ್ಣದೇನಲ್ಲ. ಧಾರಾವಾಹಿಯಲ್ಲಿ ಬರುವ ‘ಗೆಲಿಲಿಯೊ’ ಎಂಬ ಪುಟ್ಟ ನೌಕೆಯನ್ನು ಆಳೆತ್ತರದಲ್ಲಿ ಕಟ್ಟಲು ಸ್ಟುಡಿಯೋ ಬಳಿ ಹಣವಿರಲಿಲ್ಲ. ಮಾದರಿಗಳನ್ನು ಮಾರುವ ಹಕ್ಕು ಕೊಟ್ಟರೆ ಕಟ್ಟಿಸಿಕೊಡುತ್ತೇವೆ ಎಂದಿತು ಆಟಿಕೆ ಕಂಪನಿ. ಹಾಗೆ ಆಟಿಕೆಯ ದುಡ್ಡಿನಲ್ಲಿ ನೌಕೆ ಬಂತು, ಆಟಿಕೆಯ ಬೆನ್ನಿಗೆ ಪುಸ್ತಕ ಬಂತು.

ಜಾಹೀರಾತಿನವನು ಬರೆದ ಪುಸ್ತಕ ಎಂದು ಮೂಗು ಮುರಿಯುವಂತಿಲ್ಲ. ಆತ ಮಾಡಿದ ದೊಡ್ಡ ಕೆಲಸವೆಂದರೆ ಕಚೇರಿಯ ಕಾಗದಗಳನ್ನು ಇದ್ದಂತೆಯೇ ಅಚ್ಚು ಹಾಕಿದ್ದು. ಸ್ಟುಡಿಯೋದ ಒಳಗೆ ಒಬ್ಬರಿಗೊಬ್ಬರು ಬರೆದುಕೊಂಡ ಮೆಮೊಗಳು ಅದರಲ್ಲಿವೆ. ಸ್ಪಾಕ್‌ನ ಕುಲದವರ ಹೆಸರುಗಳೆಲ್ಲ ಇಂಗ್ಲಿಷಿನ ಐದಕ್ಷರದವಾಗಿರಬೇಕು, ‘ಸ್ಪ’ ಎಂದು ಶುರುವಾಗಿ ‘ಕ್’ ಎಂದು ಮುಗಿಯಬೇಕು ಎಂದು ಸಹನಿರ್ಮಾಪಕ ರಾಬರ್ಟ್ ಜಸ್ಟ್‌ಮನ್ ಗಂಭೀರವಾಗಿ ಮೆಮೊ ಬರೆದು, ಉದ್ದನೆಯ ಪಟ್ಟಿಯನ್ನೇ ಲಗತ್ತಿಸುತ್ತಾನೆ. ಅದನ್ನು ಓದುವಾಗ ಕಚೇರಿಯ ಗಾಳಿಯೇ ಮೂಗಿಗೆ ಬಡಿಯುತ್ತದೆ: ದಣಿವು, ಕೀಟಲೆ, ತಡರಾತ್ರಿಯ ಕಾಫಿ. ಎನ್‌ಬಿಸಿ ವಾಹಿನಿಯವರು ಸ್ಪಾಕ್‌ನ ಚೂಪು ಕಿವಿಗೆ ಹೆದರಿ, ಮಾರಾಟಕ್ಕೆ ಮಾಡಿದ ಕೈಹೊತ್ತಿಗೆಯಲ್ಲಿ ಆ ಕಿವಿ, ಹುಬ್ಬುಗಳನ್ನು ತಿದ್ದಿ ಮೊಂಡು ಮಾಡಿದ ಸಂಗತಿ ಜಗತ್ತಿಗೆ ಗೊತ್ತಾದದ್ದೂ ಈ ಪುಸ್ತಕದಿಂದ.

ನನಗೆ ತುಂಬಾ ಪ್ರಿಯವಾದದ್ದು ಉಪ್ಪಿನ ಡಬ್ಬಿಯ ಕಥೆ. 1966ರ ಸೆಪ್ಟೆಂಬರ್ 8ರಂದು ಪ್ರಸಾರವಾದ ಮೊದಲ ಕಂತಿನಲ್ಲಿ ಉಪ್ಪಿಗಾಗಿ ಹಪಹಪಿಸುವ ಒಂದು ಪ್ರಾಣಿ ಬರುತ್ತದೆ. ಹಾಗಾಗಿ ನೌಕೆಯಲ್ಲಿ ಉಪ್ಪು ಉದುರಿಸುವ ಡಬ್ಬಿ ಬೇಕಾಯಿತು. ಸಾಮಾನು ಸರಂಜಾಮಿನ ಹೊಣೆ ಹೊತ್ತವರು ಅಂಗಡಿಗೆ ಹೋಗಿ, ಇಪ್ಪತ್ತಮೂರನೆಯ ಶತಮಾನಕ್ಕೆ ಒಪ್ಪುವಂಥ ವಿಚಿತ್ರ ಆಕಾರದ ಡಬ್ಬಿಗಳನ್ನು ಆರಿಸಿ ತಂದರು. ಆಮೇಲೆ ಯಾರಿಗೋ ಹೊಳೆಯಿತು: ಇವು ಉಪ್ಪಿನ ಡಬ್ಬಿ ಎಂದು ನೋಡುವವರಿಗೆ ಗೊತ್ತಾಗುವುದು ಹೇಗೆ? ಕೊನೆಗೆ ಕ್ಯಾಮೆರಾ ಮುಂದೆ ಹೋದದ್ದು ಮಾಮೂಲಿ ಡಬ್ಬಿಗಳು. ವಿಚಿತ್ರ ಡಬ್ಬಿಗಳು ಡಾಕ್ಟರ್ ಮೆಕಾಯ್ ಕೈಗೆ ಹೋಗಿ ಶಸ್ತ್ರಚಿಕಿತ್ಸೆಯ ಸಲಕರಣೆಗಳಾದವು. ಎಂಬತ್ತರ ದಶಕದ ಭಾನುವಾರದ ಬೆಳಗ್ಗೆಗಳಲ್ಲಿ ನಮ್ಮ ದೂರದರ್ಶನ ಈ ಧಾರಾವಾಹಿಯನ್ನು ತೋರಿಸುತ್ತಿತ್ತು. ಕಪ್ಪು ಬಿಳುಪು ಪೆಟ್ಟಿಗೆಯ ಮುಂದೆ ಕೂತು, ರೋಗಿಯ ಮೈಮೇಲೆ ಆ ಸಲಕರಣೆ ಗುಂಯ್ ಎನ್ನುವುದನ್ನು ಬೆರಗಿನಿಂದ ನೋಡಿದವರಲ್ಲಿ ನಾನೂ ಒಬ್ಬ. ಅದು ಊಟದ ಮೇಜಿನ ಡಬ್ಬಿ ಎಂದು ತಿಳಿದಾಗ ಬೆರಗು ಕಡಿಮೆಯಾಗಲಿಲ್ಲ. ಡಬ್ಬಿಯಿಂದ ಅದನ್ನು ತಂದವನ ಕಡೆಗೆ ವರ್ಗವಾಯಿತು.

ಇಷ್ಟೆಲ್ಲ ಕೊಟ್ಟ ಪುಸ್ತಕದ ಮುಖಪುಟದಲ್ಲಿ ಎರಡು ಹೆಸರುಗಳಿವೆ. ವಿಟ್‌ಫೀಲ್ಡ್ ಜೊತೆಗೆ ಜೀನ್ ರಾಡನ್‌ಬೆರಿ, ಧಾರಾವಾಹಿಯ ಸೃಷ್ಟಿಕರ್ತ. ಬರೆದದ್ದು ವಿಟ್‌ಫೀಲ್ಡ್, ಆದರೆ ರಾಯಲ್ಟಿಯಲ್ಲಿ ಅರ್ಧ ರಾಡನ್‌ಬೆರಿಗೆ. ಅವನ ಲೆಕ್ಕಾಚಾರದಲ್ಲಿ ಇದು ಹೊಸತೇನಲ್ಲ. ಅಲೆಕ್ಸಾಂಡರ್ ಕರೇಜ್ ಮಾಡಿದ ಶೀರ್ಷಿಕೆ ಸಂಗೀತಕ್ಕೆ, ಯಾರೂ ಎಂದೂ ಹಾಡಲಿಕ್ಕಿಲ್ಲದ ಸಾಹಿತ್ಯವೊಂದನ್ನು ಬರೆದು ಸೇರಿಸಿ, ಅದರ ರಾಯಲ್ಟಿಯಲ್ಲೂ ಅವನು ಅರ್ಧ ಪಾಲು ಪಡೆದ. ಕಾನೂನಿನಲ್ಲಿ ತಪ್ಪಿಲ್ಲ. ಕರೇಜ್ ಮಾತ್ರ ಅದನ್ನು ಮರೆಯಲಿಲ್ಲ.

ಹಣದ ಪಾಲಿಗಿಂತ ದೊಡ್ಡದು ಕಥೆಯ ಪಾಲು. 1968ರ ಪುಸ್ತಕ ಕಟ್ಟಿಕೊಡುವ ಚಿತ್ರ ಹೀಗೆ: ಒಬ್ಬ ದಾರ್ಶನಿಕ, ಎದುರಿಗೆ ಕಣ್ಣಿಲ್ಲದ ವಾಹಿನಿ. ವಾಹಿನಿಯವರು ಮೊದಲ ಮಾದರಿ ಕಂತನ್ನು ತಿರಸ್ಕರಿಸಿದರು. ಅದರಲ್ಲಿ ನೌಕೆಯ ಎರಡನೆಯ ಅಧಿಕಾರಿ ಒಬ್ಬ ಹೆಣ್ಣು, ‘ನಂಬರ್ ಒನ್’. ಅವಳನ್ನೂ ಚೂಪು ಕಿವಿಯವನನ್ನೂ ಕೈಬಿಡು ಎಂದರು. ರಾಡನ್‌ಬೆರಿ ಒಂದನ್ನು ಬಿಟ್ಟು ಇನ್ನೊಂದನ್ನು ಉಳಿಸಿಕೊಂಡ. ಈ ಕಥೆಯನ್ನು ಮೂವತ್ತು ವರ್ಷ ಎಲ್ಲರೂ ಹೀಗೆಯೇ ಹೇಳಿದರು. ಹೇಳದೆ ಇನ್ನೇನು, ಬೇರೆ ಪುಸ್ತಕವೇ ಇರಲಿಲ್ಲ. ಲೇಖನ ಬರೆಯುವವರು, ಉಪನ್ಯಾಸ ಮಾಡುವವರು, ವಿದ್ಯಾರ್ಥಿಗಳು ಎಲ್ಲ ಅದೇ ಬಾವಿಯಿಂದ ನೀರು ಸೇದಿದರು.

ಎರಡನೆಯ ಬಾವಿ ತೋಡಿದ್ದು 1996ರಲ್ಲಿ. ರಾಡನ್‌ಬೆರಿ ತೀರಿಕೊಂಡು ಐದು ವರ್ಷವಾಗಿತ್ತು. ಧಾರಾವಾಹಿ ತಯಾರಾದ ಡೆಸಿಲು ಸ್ಟುಡಿಯೋದ ಅಧಿಕಾರಿಯಾಗಿದ್ದ ಹರ್ಬರ್ಟ್ ಸೊಲೊ, ಆ ಮೆಮೊಗಳ ಜಸ್ಟ್‌ಮನ್, ಇಬ್ಬರೂ ಸೇರಿ ‘ಇನ್‌ಸೈಡ್ ಸ್ಟಾರ್ ಟ್ರೆಕ್’ ಬರೆದರು. ಅವರ ಪ್ರಕಾರ ಎನ್‌ಬಿಸಿ ಹೆಣ್ಣು ಅಧಿಕಾರಿಯನ್ನು ವಿರೋಧಿಸಲೇ ಇಲ್ಲ. ವಾಹಿನಿಯ ತಕರಾರು ಆ ಪಾತ್ರ ಮಾಡಿದ ಮೇಜೆಲ್ ಬ್ಯಾರೆಟ್ ಬಗ್ಗೆ. ಪಾತ್ರಕ್ಕೆ ಬೇಕಾದ ತೂಕ ಆಕೆಗಿಲ್ಲ ಎಂದು ಅವರಿಗೆ ಅನ್ನಿಸಿತ್ತು, ಆಕೆ ರಾಡನ್‌ಬೆರಿಯ ಪ್ರೇಯಸಿ ಎಂಬುದೂ ಗೊತ್ತಿತ್ತು. ಮುಂದೆ 1969ರಲ್ಲಿ ಅವರಿಬ್ಬರೂ ಮದುವೆಯಾದರು. ಯಾವುದು ನಿಜ? ಸೊಲೊ ಕೂಡ ಪಕ್ಷವಿಲ್ಲದ ಸಾಕ್ಷಿಯಲ್ಲ. ಸತ್ತವನು ಎದ್ದು ಬಂದು ಉತ್ತರ ಕೊಡಲಾರ ಎಂಬ ಅನುಕೂಲವೂ ಅವನಿಗಿತ್ತು. ಆದರೂ ನನ್ನ ಒಲವು ಎರಡನೆಯ ಪುಸ್ತಕದ ಕಡೆಗೇ. ಅದು ತನ್ನ ಲೇಖಕರನ್ನು ವೀರರನ್ನಾಗಿ ಮಾಡಲು ಹೋಗುವುದಿಲ್ಲ, ಕಚೇರಿಯನ್ನು ಕಚೇರಿಯಾಗಿಯೇ ತೋರಿಸುತ್ತದೆ. ಜೊತೆಗೆ, ಮೊದಲ ಪುಸ್ತಕದಲ್ಲಿ ಮುಖವೇ ಕಾಣದವರು ಇಲ್ಲಿ ಎದುರಿಗೆ ಬರುತ್ತಾರೆ.

ಅವರಲ್ಲಿ ಒಬ್ಬರು ವಾ ಚಾಂಗ್. 1917ರಲ್ಲಿ ಹೊನೊಲುಲುವಿನಲ್ಲಿ ಹುಟ್ಟಿದ ಶಿಲ್ಪಿ, ಪೋಲಿಯೊ ಗೆದ್ದವರು. ಮುಚ್ಚಳ ತೆರೆದರೆ ಮಾತಾಡುವ ಕಮ್ಯುನಿಕೇಟರ್, ಹೆಗಲಿಗೆ ತೂಗುವ ಟ್ರೈಕಾರ್ಡರ್, ಹಲ್ಲಿಯ ಮುಖದ ಗಾರ್ನ್, ಮೊದಲ ಕಂತಿನ ಆ ಉಪ್ಪು ತಿನ್ನುವ ಪ್ರಾಣಿಯ ವೇಷ, ಎಲ್ಲ ಅವರ ಕೈಯಲ್ಲಿ ಆದದ್ದು. ಇವತ್ತು ‘ಸ್ಟಾರ್ ಟ್ರೆಕ್’ ಎಂದಾಗ ಕಣ್ಣಮುಂದೆ ಬರುವ ವಸ್ತುಗಳಲ್ಲಿ ಎಷ್ಟೋ ಈ ಒಬ್ಬ ಮನುಷ್ಯನವು. ಅವರ ಹೆಸರು ಮಾತ್ರ ಕಂತುಗಳ ಕೊನೆಯ ಪಟ್ಟಿಯಲ್ಲಿ ಇಲ್ಲ. ಕಾರಣ ಕೇಳಿದರೆ ನಗುವೂ ಬರುತ್ತದೆ, ಸಿಟ್ಟೂ ಬರುತ್ತದೆ. ಅವರು ಸಾಮಾನು ತಯಾರಕರ ಕಾರ್ಮಿಕ ಸಂಘದ ಸದಸ್ಯರಾಗಿರಲಿಲ್ಲ. ಸಂಘ ಆಕ್ಷೇಪಿಸಿತು. ಸ್ಟುಡಿಯೋ ಕಂಡುಕೊಂಡ ದಾರಿ ಇದು: ಚಾಂಗ್‌ಗೆ ಕೆಲಸ ಕೊಟ್ಟಂತೆ ತೋರಿಸುವುದಿಲ್ಲ, ಅವರು ಮೊದಲೇ ತಮ್ಮ ಪಾಡಿಗೆ ಮಾಡಿಟ್ಟಿದ್ದ ವಸ್ತುಗಳನ್ನು ಸುಮ್ಮನೆ ಕೊಂಡಂತೆ ತೋರಿಸುವುದು. ಅಂಗಡಿಯಲ್ಲಿ ಉಪ್ಪಿನ ಡಬ್ಬಿ ಕೊಂಡ ಹಾಗೆ! ಖರೀದಿಸಿದ ಸಾಮಾನಿಗೆ ಕಲಾವಿದನ ಹೆಸರು ಹಾಕುವ ಪದ್ಧತಿ ಎಲ್ಲಿದೆ? ಕಾರ್ಮಿಕರನ್ನು ಕಾಯಲು ಕಟ್ಟಿದ ಸಂಘದ ನಿಯಮವೇ ಒಬ್ಬ ಕೆಲಸಗಾರನನ್ನು ಕಾಗದದಿಂದ ಅಳಿಸಿತು. ಅಭಿಮಾನಿ ಓದುಗರ ದೊಡ್ಡ ವರ್ಗಕ್ಕೆ ಈ ವಿವರ ಮುಟ್ಟುವ ಹೊತ್ತಿಗೆ ಚಾಂಗ್‌ಗೆ ಎಂಬತ್ತು ಸಮೀಪಿಸಿತ್ತು. ಅವರು ತೀರಿಕೊಂಡದ್ದು 2003ರಲ್ಲಿ.

ಈ ಎರಡರ ನಡುವೆ ಬಂದ ಇನ್ನೊಂದು ಪುಸ್ತಕವನ್ನು ಬಿಡುವಂತಿಲ್ಲ. ಡೇವಿಡ್ ಜೆರಾಲ್ಡ್ 1973ರಲ್ಲಿ ತಂದ ‘ದಿ ವರ್ಲ್ಡ್ ಆಫ್ ಸ್ಟಾರ್ ಟ್ರೆಕ್’. ಕಾಲೇಜು ಬಿಟ್ಟ ಹೊಸತರಲ್ಲಿ ಕಥೆ ಮಾರಿ, ಧಾರಾವಾಹಿಯ ಅತ್ಯಂತ ತಮಾಷೆಯ ಕಂತು ಬರೆದವನು ಈತ. ಉಣ್ಣೆ ಚೆಂಡಿನಂಥ ಟ್ರಿಬಲ್‌ಗಳು ಬೇಕಾಬಿಟ್ಟಿ ಮರಿ ಹಾಕಿ ನೌಕೆ ತುಂಬುವ ಕಥೆ ಅದು. ಆ ಒಂದೇ ಕಂತು ಹುಟ್ಟಿದ ಬಗೆಯನ್ನು ಅದೇ ವರ್ಷ ಬೇರೆ ಪುಸ್ತಕವಾಗಿ ಬರೆದ. ಚಿತ್ರಕಥೆ ಕಲಿಯುವವರಿಗೆ ಅದಕ್ಕಿಂತ ಒಳ್ಳೆಯ ಪಾಠ ನಾನು ಕಂಡಿಲ್ಲ. ‘ದಿ ವರ್ಲ್ಡ್’ನಲ್ಲಿ ಅವನು ಧಾರಾವಾಹಿಯ ಜೊತೆ ಜಗಳವನ್ನೂ ಆಡುತ್ತಾನೆ. ಪ್ರತಿ ಸಲವೂ ಕ್ಯಾಪ್ಟನ್ನೇ ಅಪಾಯದ ಗ್ರಹಕ್ಕೆ ಇಳಿಯುವುದು ಮೂರ್ಖತನ, ಯಾವ ಹಡಗಿನಲ್ಲೂ ಹೀಗೆ ನಡೆಯದು ಎನ್ನುತ್ತಾನೆ. ಹದಿನಾಲ್ಕು ವರ್ಷದ ನಂತರ, 1987ರಲ್ಲಿ ಹೊಸ ಧಾರಾವಾಹಿ ಶುರುವಾದಾಗ ಕ್ಯಾಪ್ಟನ್ ನೌಕೆಯಲ್ಲೇ ಉಳಿದು, ಕೆಳಗೆ ಇಳಿಯುವ ಕೆಲಸ ಎರಡನೆಯ ಅಧಿಕಾರಿಗೆ ಹೋಯಿತು. ಜೆರಾಲ್ಡ್ ಆ ತಯಾರಿಯ ತಂಡದಲ್ಲಿದ್ದ.

ಹಾರ್ಲನ್ ಎಲಿಸನ್‌ನದು ಇನ್ನೂ ಬಿಸಿಯಾದ ಜಗಳ. ಧಾರಾವಾಹಿಯ ಅತ್ಯುತ್ತಮ ಕಂತು ಎಂದು ಬಹಳ ಜನ ಹೇಳುವ ‘ದಿ ಸಿಟಿ ಆನ್ ದಿ ಎಡ್ಜ್ ಆಫ್ ಫಾರೆವರ್’ ಅವನ ಹೆಸರಿನಲ್ಲಿದೆ. ಆದರೆ ಅವನು ಬರೆದದ್ದನ್ನು ಸ್ಟುಡಿಯೋದಲ್ಲಿ ಹಲವರು ತಿದ್ದಿದ್ದರು. ತಮಾಷೆ ನೋಡಿ, ತಿದ್ದಿದ ರೂಪಕ್ಕೆ ಹ್ಯೂಗೊ ಪ್ರಶಸ್ತಿ ಬಂತು, ತಿದ್ದದ ಮೂಲಕ್ಕೆ ಲೇಖಕರ ಸಂಘದ ಪ್ರಶಸ್ತಿ ಬಂತು. ಎಂಜಿನಿಯರ್ ಸ್ಕಾಟಿ ಮಾದಕ ದ್ರವ್ಯ ಮಾರುವಂತೆ ಎಲಿಸನ್ ಬರೆದಿದ್ದ, ಅದಕ್ಕೇ ತಿದ್ದಬೇಕಾಯಿತು ಎಂದು ರಾಡನ್‌ಬೆರಿ ವರ್ಷಗಟ್ಟಲೆ ಸಭೆಗಳಲ್ಲಿ ಹೇಳುತ್ತಾ ಬಂದ. ತೊಂಬತ್ತರ ದಶಕದಲ್ಲಿ ಎಲಿಸನ್ ತನ್ನ ಮೂಲ ಚಿತ್ರಕಥೆಯನ್ನೇ ಪುಸ್ತಕವಾಗಿ ಅಚ್ಚು ಹಾಕಿಸಿದ. ಅದರಲ್ಲಿ ದ್ರವ್ಯ ಮಾರುವವನು ಇದ್ದಾನೆ, ಆದರೆ ಅವನು ಬೇರೊಬ್ಬ. ಮುನ್ನುಡಿಯ ಬೈಗುಳ ಉದ್ದವಾಯಿತು ಅನ್ನಿಸುತ್ತದೆ, ನಿಜ. ಆದರೆ ಮೂಲ ಕಾಗದವನ್ನು ಓದುಗರ ಕೈಗಿಟ್ಟ ಮೇಲೆ ವಾದ ಬೆಳೆಸುವ ಅಗತ್ಯವೂ ಉಳಿಯಲಿಲ್ಲ.

ಪುಸ್ತಕಗಳು ಟೀಪಾಯಿಯ ಗಾತ್ರಕ್ಕೆ ಬೆಳೆದದ್ದು ಈ ತೊಂಬತ್ತರ ದಶಕದಲ್ಲಿಯೇ. 1995ರ ‘ದಿ ಆರ್ಟ್ ಆಫ್ ಸ್ಟಾರ್ ಟ್ರೆಕ್’ ಅದರ ಒಳ್ಳೆಯ ಮಾದರಿ. ರೇಖಾಚಿತ್ರಗಳು, ಮಾದರಿಗಳು, ಉಡುಪುಗಳು, ಪುಟ ತಿರುವಿದಷ್ಟೂ ಕಣ್ಣಿಗೆ ಹಬ್ಬ. ಎಂಟರ್‌ಪ್ರೈಸಿನ ವಿನ್ಯಾಸ ಮಾಡಿದ ಮ್ಯಾಟ್ ಜೆಫರೀಸ್ ಎಷ್ಟು ಬಗೆಯ ನೌಕೆಗಳನ್ನು ಬರೆದು ಬಿಸಾಡಿದ ಎಂಬುದು ಇಂಥ ಪುಸ್ತಕಗಳಲ್ಲಿ ಕಾಣುತ್ತದೆ. ಈಚಿನ ಧಾರಾವಾಹಿಗಳಿಗೂ ಇವು ತಪ್ಪದೆ ಬರುತ್ತವೆ. ‘ದಿ ಎಕ್ಸ್‌ಪ್ಯಾನ್ಸ್’ ಬಗ್ಗೆ 2019ರಲ್ಲಿ ಬಂದದ್ದು ನೋಡಲು ಬಹಳ ಸೊಗಸು. ಆದರೆ ಒಂದು ಮಾತು ಹೇಳಲೇಬೇಕು. ಚಿತ್ರ ದೊಡ್ಡದಾದಂತೆ ಮಾತು ಸಣ್ಣದಾಗಿದೆ. ಕಲಾವಿದರ ಹೆಸರುಗಳು ಈಗ ಧಾರಾಳವಾಗಿ ಸಿಗುತ್ತವೆ, ಅದು ದೊಡ್ಡ ಲಾಭ. ಸಿಗದೇ ಹೋಗುವುದು ಮೆಮೊ. ಹಕ್ಕುದಾರ ಕಂಪನಿಯ ಒಪ್ಪಿಗೆ ಪಡೆದು ಬರುವ ಪುಸ್ತಕದಲ್ಲಿ ಎಲ್ಲರೂ ಎಲ್ಲರನ್ನೂ ಹೊಗಳುತ್ತಾರೆ. ಯಾರೂ ಯಾರ ಮೇಲೂ ರೇಗುವುದಿಲ್ಲ, ಹಣ ಯಾರಿಗೂ ಕಡಿಮೆ ಬೀಳುವುದಿಲ್ಲ. ಮದುವೆಯ ಆಲ್ಬಮ್ಮಿನ ಹಾಗೆ. ಅಡುಗೆಯವರ ಜೊತೆ ನಡೆದ ಜಟಾಪಟಿ ಆಲ್ಬಮ್ಮಿನಲ್ಲಿ ಇರುವುದಿಲ್ಲ. 1968ರ ಪೇಪರ್‌ಬ್ಯಾಕ್ ಕೂಡ ಒಪ್ಪಿಗೆ ಪಡೆದದ್ದೇ. ಆದರೆ ಇಂಥ ಪುಸ್ತಕದಲ್ಲಿ ಏನನ್ನು ಮುಚ್ಚಿಡಬೇಕು ಎಂಬುದು ಆಗಿನ್ನೂ ಯಾರಿಗೂ ಗೊತ್ತಿರಲಿಲ್ಲ ಎಂದು ಕಾಣುತ್ತದೆ. ಅದೇ ವಿಟ್‌ಫೀಲ್ಡ್ 1998ರಲ್ಲಿ ಪೋ ಎಂಬ ಸ್ವಂತ ಹೆಸರಿನಲ್ಲಿ ‘ವಾಯೇಜರ್’ ಧಾರಾವಾಹಿಯ ಬಗ್ಗೆ ಇನ್ನೊಂದು ಪುಸ್ತಕ ಬರೆದ. ವಿವರ ಹೇರಳವಾಗಿದೆ, ನನಗೆ ಹಳೆಯ ಸ್ವಾದ ಸಿಗಲಿಲ್ಲ.

ಇಂಗ್ಲೆಂಡಿನಲ್ಲಿ ಇದೇ ವ್ಯಾಜ್ಯದ ಸ್ವರೂಪ ಬೇರೆ. ಅಮೆರಿಕದಲ್ಲಿ ಕಂತುಗಳು ಉಳಿದವು, ಹೆಸರುಗಳು ಕಳೆದವು. ಅಲ್ಲಿ ಕಂತುಗಳೇ ಕಳೆದುಹೋದವು. ಬಿಬಿಸಿಯ ‘ಡಾಕ್ಟರ್ ಹೂ’ ಪ್ರಾರಂಭವಾದದ್ದು 1963ರ ನವೆಂಬರ್ 23ರಂದು, ಕೆನಡಿ ಹತ್ಯೆಯ ಮರುದಿನ. ಮೊದಲ ಕಂತುಗಳ ನಿರ್ದೇಶಕ ವಾರಿಸ್ ಹುಸೇನ್, ಲಖನೌದಲ್ಲಿ ಹುಟ್ಟಿದವರು. ‘ಸನ್‌ಲೈಟ್ ಆನ್ ಎ ಬ್ರೋಕನ್ ಕಾಲಮ್’ ಬರೆದ ಆಟಿಯಾ ಹುಸೇನ್ ಅವರ ಮಗ. ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್‌ಗೆ ಇಪ್ಪತ್ತೇಳು ವರ್ಷ. ಗಂಡಸರೇ ತುಂಬಿದ್ದ ಆ ಸಂಸ್ಥೆಯಲ್ಲಿ ಒಬ್ಬ ಯುವತಿ, ಒಬ್ಬ ಭಾರತೀಯ ತರುಣ ಸೇರಿ ಶುರು ಮಾಡಿದ ಕೆಲಸ. ಆರು ವರ್ಷದಲ್ಲಿ 253 ಕಂತು ಆದವು. ಆಮೇಲೆ ಬಿಬಿಸಿ ಅವನ್ನು ಅಳಿಸಿಹಾಕಿತು. ವಿಡಿಯೊ ಟೇಪು ದುಬಾರಿ, ಒರೆಸಿ ಮತ್ತೆ ಬಳಸಬಹುದು. ನಟರ ಒಪ್ಪಂದಗಳು ಮರುಪ್ರಸಾರಕ್ಕೆ ಮಿತಿ ಹಾಕಿದ್ದವು. ಬಣ್ಣ ಬಂದ ಮೇಲೆ ಕಪ್ಪು ಬಿಳುಪು ಯಾರಿಗೆ ಬೇಕು? 1967ರಿಂದ ಸುಮಾರು ಹನ್ನೊಂದು ವರ್ಷ ಈ ಕೆಲಸ ನಡೆಯಿತು. ಹೊರದೇಶಗಳಿಗೆ ಕಳಿಸಿದ್ದ ಪ್ರತಿಗಳಿಂದ ಕೆಲವು ಮರಳಿ ಬಂದಿವೆ. 2013ರಲ್ಲಿ ನೈಜೀರಿಯಾದಿಂದ ಒಂಬತ್ತು ಬಂದವು. ಇವತ್ತಿಗೂ ತೊಂಬತ್ತಕ್ಕೂ ಹೆಚ್ಚು ಕಂತುಗಳು ಇಲ್ಲ.

ಹೀಗೆ ಅಳಿಸುವ ಕೆಲಸ ಸಾಗಿರುವಾಗಲೇ, 1972ರಲ್ಲಿ, ‘ದಿ ಮೇಕಿಂಗ್ ಆಫ್ ಡಾಕ್ಟರ್ ಹೂ’ ಬಂತು. ಮ್ಯಾಲ್ಕಮ್ ಹಲ್ಕ್, ಟೆರೆನ್ಸ್ ಡಿಕ್ಸ್ ಬರೆದದ್ದು. ಇಬ್ಬರೂ ಧಾರಾವಾಹಿಯ ಒಳಗಿನವರೇ. ಮಕ್ಕಳಿಗಾಗಿ ತಂದ ಸಣ್ಣ ಪುಸ್ತಕ. ಅಲ್ಲಿಯವರೆಗಿನ ಕಥೆಗಳೆಲ್ಲವನ್ನೂ ಅದು ಸಾಲಾಗಿ ಹೇಳಿತು. ಇವತ್ತು ಬೆರಳ ತುದಿಯಲ್ಲಿ ಸಿಗುವ ಪಟ್ಟಿ ಅದು. ಆದರೆ ಮನೆಯಲ್ಲಿ ವಿಡಿಯೊ ಇಲ್ಲದ, ಹಳೆಯ ಕಂತು ಮತ್ತೆ ನೋಡುವ ದಾರಿಯೇ ಇಲ್ಲದ ಕಾಲದಲ್ಲಿ ಒಬ್ಬ ಹುಡುಗನಿಗೆ ಆ ಪಟ್ಟಿ ಎಂದರೆ ಏನು ಎಂದು ಯೋಚಿಸಿ. ತಾನು ಹುಟ್ಟುವ ಮೊದಲೂ ಈ ಕಥೆ ನಡೆದಿತ್ತು ಎಂಬುದಕ್ಕೆ ಅವನ ಕೈಯಲ್ಲಿದ್ದ ಪುರಾವೆ ಅದೊಂದೇ. ಆ ಹುಡುಗರಲ್ಲಿ ಕೆಲವರು ದೊಡ್ಡವರಾಗಿ ಸಂಶೋಧಕರಾದರು. ಕಳೆದ ಕಂತುಗಳ ಧ್ವನಿಯನ್ನು ಅಭಿಮಾನಿಗಳು ಮನೆಯಲ್ಲಿ ಟಿವಿಯ ಮುಂದೆ ರೆಕಾರ್ಡರ್ ಇಟ್ಟು ಹಿಡಿದಿದ್ದರು. ಜಾನ್ ಕ್ಯುರಾ ಎಂಬ ಛಾಯಾಗ್ರಾಹಕ ಟಿವಿಯ ಪರದೆಯನ್ನೇ, ಕಂತಿಗೆ ಅರವತ್ತು ಎಪ್ಪತ್ತರ ಲೆಕ್ಕದಲ್ಲಿ, ಕ್ಲಿಕ್ಕಿಸಿ ನಟರಿಗೆ, ನಿರ್ದೇಶಕರಿಗೆ ಮಾರುತ್ತಿದ್ದ. ಆ ಚಿತ್ರಗಳನ್ನೂ ಧ್ವನಿಯನ್ನೂ ಹೊಲಿದು ಕಂತುಗಳ ನೆರಳನ್ನಾದರೂ ಮರಳಿ ತಂದಿದ್ದಾರೆ. 1992ರ ‘ದಿ ಸಿಕ್ಸ್‌ಟೀಸ್’ ಎಂಬ ದೊಡ್ಡ ಚಿತ್ರಪುಸ್ತಕವನ್ನು ನಾನು ತಿರುವುವಾಗ, ಕೆಲವು ಪುಟಗಳಲ್ಲಿ ಕೈ ತಡೆಯುತ್ತದೆ. ಸೆಟ್ಟಿನಲ್ಲಿ ತೆಗೆದ ಆ ಸ್ಥಿರಚಿತ್ರವೊಂದೇ ಉಳಿದದ್ದು. ಚಲಿಸುವ ಚಿತ್ರ ಇಲ್ಲ.

ಹೆಸರಿನ ವ್ಯಾಜ್ಯ ಇಲ್ಲಿಯೂ ತಪ್ಪಿದ್ದಲ್ಲ. ಡಾಕ್ಟರ್‌ನ ವೈರಿಗಳಾದ ಡಾಲೆಕ್‌ಗಳು 1963ರ ಡಿಸೆಂಬರ್‌ನಲ್ಲಿ ಪರದೆಗೆ ಬಂದು ಇಡೀ ದೇಶದ ಮಕ್ಕಳನ್ನು ಸೋಫಾದ ಹಿಂದೆ ಅಡಗಿಸಿದವು. ಕಥೆ ಬರೆದ ಟೆರಿ ನೇಷನ್ ಹೊರಗಿನ ಲೇಖಕ. ಒಪ್ಪಂದದ ಪ್ರಕಾರ ಆಟಿಕೆಗಳ ಆದಾಯದಲ್ಲೂ ಪಾಲು ಬಂದು ಶ್ರೀಮಂತನಾದ. ಆ ಆಕಾರ ಕೊಟ್ಟ ರೇಮಂಡ್ ಕುಸಿಕ್ ಬಿಬಿಸಿಯ ಸಂಬಳದ ನೌಕರ. ಅವನಿಗೆ ಸಿಕ್ಕಿದ್ದು ಸುಮಾರು 100 ಪೌಂಡಿನ ಬೋನಸ್ಸು, ಮಕ್ಕಳ ಕಾರ್ಯಕ್ರಮವೊಂದರ ಪದಕ. (ಆ ಕೆಲಸ ಮೊದಲು ಹೋಗಬೇಕಿದ್ದದ್ದು ಆಗ ಬಿಬಿಸಿಯಲ್ಲೇ ವಿನ್ಯಾಸಕಾರನಾಗಿದ್ದ ರಿಡ್ಲಿ ಸ್ಕಾಟ್‌ಗೆ, ಅವನಿಗೆ ಬಿಡುವಿರಲಿಲ್ಲ.) ಅದಕ್ಕಿಂತ ಕುಸಿಕ್‌ನನ್ನು ಕಾಡಿದ್ದು ಒಂದು ದಂತಕಥೆ: ಡಾಲೆಕ್‌ನ ಆಕಾರ ಮೆಣಸಿನಪುಡಿ ಡಬ್ಬಿಯಿಂದ ಬಂತು ಎಂಬುದು. ಡಾಲೆಕ್ ಹೇಗೆ ಜಾರುತ್ತಾ ಚಲಿಸಬೇಕೆಂದು ತೋರಿಸಲು ಊಟದ ಮೇಜಿನ ಮೇಲೆ ಡಬ್ಬಿಯೊಂದನ್ನು ಸರಿಸಿದ್ದೆ ಅಷ್ಟೇ, ಆಕಾರ ಹುಟ್ಟಿದ್ದು ಒಳಗೆ ಒಬ್ಬ ಮನುಷ್ಯ ಕುರ್ಚಿಯಲ್ಲಿ ಕೂರಬೇಕು ಎಂಬ ಲೆಕ್ಕದಿಂದ ಎಂದು ಅವನು ಸಾಯುವ ತನಕ ವಿವರಿಸುತ್ತಲೇ ಇದ್ದ. ಅಮೆರಿಕದಲ್ಲಿ ಉಪ್ಪಿನ ಡಬ್ಬಿ, ಇಲ್ಲಿ ಮೆಣಸಿನ ಡಬ್ಬಿ. ಮೊದಲನೆಯದು ನಿಜ, ಎರಡನೆಯದು ಸುಳ್ಳು. ಓದಲು ಎರಡೂ ಒಂದೇ ರುಚಿ ಎಂಬುದೇ ಈ ಪುಸ್ತಕಗಳ ಅಪಾಯ. ಡಾಲೆಕ್ ಎಂಬ ಹೆಸರು ವಿಶ್ವಕೋಶದ ಸಂಪುಟವೊಂದರ ಬೆನ್ನಿನ ಅಕ್ಷರಗಳಿಂದ ಬಂತು ಎಂದು ನೇಷನ್ ಪತ್ರಕರ್ತರಿಗೆ ಹೇಳಿದ್ದ. ಪ್ರಶ್ನೆ ಕೇಳಿ ಕೇಳಿ ಸುಸ್ತು ಮಾಡಿದ್ದಕ್ಕೆ ಕಟ್ಟಿದ ಕಥೆ ಅದು ಎಂದು ಆಮೇಲೆ ಅವನೇ ಒಪ್ಪಿಕೊಂಡ.

ಕೊನೆಗೆ ಡೀಲಿಯಾ ಡರ್ಬಿಶೈರ್. ‘ಡಾಕ್ಟರ್ ಹೂ’ ಶೀರ್ಷಿಕೆ ಸಂಗೀತದ ರಾಗವನ್ನು ಬರೆದುಕೊಟ್ಟವರು ರಾನ್ ಗ್ರೇನರ್. ಅದನ್ನು ನಾವು ಕೇಳುವ ಆ ಅಲೌಕಿಕ ನಾದವಾಗಿ ಮಾಡಿದ್ದು ಬಿಬಿಸಿಯ ರೇಡಿಯೊಫೋನಿಕ್ ವರ್ಕ್‌ಶಾಪಿನಲ್ಲಿದ್ದ ಈಕೆ. ಸಿಂಥಸೈಜರ್ ಇಲ್ಲದ ಕಾಲ. ಮೀಟಿದ ತಂತಿಯ ಸದ್ದು, ವಿದ್ಯುತ್ ಉಪಕರಣಗಳ ಸದ್ದು ಟೇಪಿಗೆ ಹಿಡಿದು, ವೇಗ ಬದಲಿಸಿ, ಒಂದೊಂದು ಸ್ವರಕ್ಕೂ ಒಂದೊಂದು ತುಂಡು ಟೇಪು ಕತ್ತರಿಸಿ ಅಂಟಿಸಿದರು. ಕೇಳಿ ಬೆರಗಾದ ಗ್ರೇನರ್ ತನ್ನ ರಾಯಲ್ಟಿಯಲ್ಲಿ ಅರ್ಧ ಈಕೆಗೆ ಕೊಡಲು ಹೊರಟ. ರಾಡನ್‌ಬೆರಿಯ ಅರ್ಧವನ್ನು ಇದರ ಪಕ್ಕದಲ್ಲಿ ಇಟ್ಟು ನೋಡಬೇಕು. ನೌಕರರಿಗೆ ಹಾಗೆ ಪಾಲು ಕೊಡುವ ನಿಯಮವಿಲ್ಲ ಎಂದಿತು ಬಿಬಿಸಿ. ಪರದೆಯ ಮೇಲೆ ವರ್ಕ್‌ಶಾಪಿನ ಹೆಸರು ಬಂತು, ಈಕೆಯದಿಲ್ಲ. ಅದು ಬಂದದ್ದು ಐವತ್ತು ವರ್ಷದ ನಂತರ, 2013ರ ವಿಶೇಷ ಕಂತಿನಲ್ಲಿ. ಡರ್ಬಿಶೈರ್ 2001ರಲ್ಲೇ ತೀರಿಕೊಂಡಿದ್ದರು. ಅವರ ಮನೆಯ ಅಟ್ಟದಲ್ಲಿ 267 ಟೇಪಿನ ಸುರುಳಿಗಳು ಸಿಕ್ಕವು, ಬೆಳಗಿನ ತಿಂಡಿಯ ಸೀರಿಯಲ್ ಡಬ್ಬಗಳಲ್ಲಿ ತುಂಬಿಟ್ಟಂತೆ. ಈಗ ಅವು ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಬಳಿ ಇವೆ.